ಎಪ್ಪತ್ತು ಅಕ್ಷರಗಳಲ್ಲಿ ಒಂದು ಪ್ರಶ್ನೆ

ಮುಂಗಾರು ಹಿಡಿದ ಜುಲೈನಿಂದ ಸೆಪ್ಟೆಂಬರ್ ಕೊನೆಯವರೆಗೆ ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಜೆಯೆಂದರೆ ಹೊಗೆಸೊಪ್ಪಿನ ಕೆಲಸದ ಹೊತ್ತು. ಹೊಲದಿಂದ ಮುರಿದು ತಂದ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಎಲೆ ಒಣಗಿಸುವ ಬ್ಯಾರನ್ನಿಗೆ ಏರಿಸುವುದರಲ್ಲಿ ಮನೆಮಂದಿಯೆಲ್ಲ ತೊಡಗಿರುತ್ತಾರೆ. ಅದೇ ದಿನಗಳಲ್ಲಿ ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಭತ್ತದ ನಾಟಿ ನಡೆಯುತ್ತಿರುತ್ತದೆ. ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿನಿಂದ ಬಂದು ಬಸ್ಸಿಳಿದ ಹದಿನಾರು ಹದಿನೇಳರ ಹುಡುಗ ಹುಡುಗಿಯರು ಚೀಲವನ್ನು ಮೂಲೆಗಿಟ್ಟು ಈ ಕೆಲಸಕ್ಕೆ ಕೈಜೋಡಿಸಿ, ಊಟ ಮುಗಿಸಿ, ಪುಸ್ತಕ ತೆರೆಯುವ ವೇಳೆಗೆ ರಾತ್ರಿ ಒಂಬತ್ತಾಗಿರುತ್ತದೆ. ಊರಿನ ಗ್ರಂಥಾಲಯಕ್ಕೆ ಬೀಗ ಬಿದ್ದು ಆಗ ಗಂಟೆಗಳೇ ಕಳೆದಿರುತ್ತವೆ. ಪಾಠದಲ್ಲಿ ಅರ್ಥವಾಗದೆ ಉಳಿದದ್ದನ್ನು, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಿಳಿಯದೆ ಹೋದದ್ದನ್ನು, ಯಾರ ಮುಂದೆಯೂ ಬಾಯಿಬಿಟ್ಟು ಕೇಳಲಾಗದ್ದನ್ನು ಕೇಳಲು ಆ ಹೊತ್ತಿನಲ್ಲಿ ಮನೆಯೊಳಗೆ ಉಳಿಯುವ ದಾರಿ ಮೊಬೈಲ್ ಫೋನು ಒಂದೇ.

ಆ ಫೋನಿನಿಂದ ಗ್ರಂಥಾಲಯಕ್ಕೆ ಒಂದೆರಡು ಸಾಲಿನ ಸಂದೇಶ ಕಳುಹಿಸಿ, ಪುಸ್ತಕ ಬಲ್ಲ ಮನುಷ್ಯರೊಬ್ಬರಿಂದ ಉತ್ತರ ಪಡೆಯುವ ವ್ಯವಸ್ಥೆ ಜಗತ್ತಿನ ಕೆಲವು ಭಾಗಗಳಲ್ಲಿ ಎರಡು ದಶಕಗಳ ಹಿಂದೆಯೇ ಆರಂಭವಾಗಿದೆ. ಕರ್ನಾಟಕದ ಗ್ರಾಮೀಣ ಗ್ರಂಥಾಲಯಗಳಲ್ಲಿ ಅದು ಕ್ರಮಬದ್ಧ ಸೇವೆಯಾಗಿ ಬೆಳೆದಿಲ್ಲವಾದರೂ, ಅದಕ್ಕೆ ಬೇಕಾದ ಕಟ್ಟಡ, ಸಿಬ್ಬಂದಿ, ಕಾಯ್ದೆ, ತಂತ್ರಜ್ಞಾನ, ಓದುಗರು ಎಲ್ಲವೂ ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಬಿಡಿಬಿಡಿಯಾಗಿ ಇವೆ. ಅವನ್ನು ಒಂದಕ್ಕೊಂದು ಜೋಡಿಸುವ ಕೆಲಸ ಏಕೆ ಆಗಬೇಕು ಮತ್ತು ಹೇಗೆ ಆಗಬಹುದು ಎಂಬುದನ್ನು ತಿಳಿಯಬೇಕಾದರೆ, ಗ್ರಂಥಾಲಯವು ಪುಸ್ತಕ ಕೊಡುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ ಎಂಬುದನ್ನು ಮೊದಲು ಗಮನಿಸಬೇಕು.

ಪುಸ್ತಕದ ಆಚೆಗಿನ ಸೇವೆ

ಓದುಗರು ತಂದ ಪ್ರಶ್ನೆಯನ್ನು ಕೇಳಿಸಿಕೊಂಡು, ಅದಕ್ಕೆ ಉತ್ತರ ಇರುವ ಪುಸ್ತಕ, ಕೋಶ, ಪತ್ರಿಕೆ ಅಥವಾ ಸರ್ಕಾರಿ ದಾಖಲೆಯನ್ನು ಹುಡುಕಿ ಕೊಡುವ ಕೆಲಸಕ್ಕೆ ಗ್ರಂಥಾಲಯ ಶಾಸ್ತ್ರದಲ್ಲಿ ಪರಾಮರ್ಶನ ಸೇವೆ ಎಂದು ಹೆಸರು. ಅಮೆರಿಕದ ವೂಸ್ಟರ್ ನಗರದ ಗ್ರಂಥಪಾಲಕರಾಗಿದ್ದ ಸ್ಯಾಮ್ಯುಯೆಲ್ ಗ್ರೀನ್ ಅವರು 1876ರಲ್ಲಿ ಗ್ರಂಥಪಾಲಕರು ಓದುಗರೊಡನೆ ನೇರ ಸಂಪರ್ಕ ಇಟ್ಟುಕೊಳ್ಳಬೇಕೆಂದು ವಾದಿಸಿ ಬರೆದ ಪ್ರಬಂಧವನ್ನು ಈ ಸೇವೆಯ ಆರಂಭವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಭಾರತದಲ್ಲಿ ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸುವುದಕ್ಕೆ ಸಂಬಂಧಿಸಿದೆ. ಅವರ ಬದುಕಿನ ಕೊನೆಯ ಹದಿನೈದು ವರ್ಷಗಳು ಬೆಂಗಳೂರಿನಲ್ಲಿ ಕಳೆದವು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಅವರ ಚಿಂತನೆಯ ನೆರಳಿನಲ್ಲೇ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ರೂಪುಗೊಂಡಿತು. ಆಸ್ತಿ ತೆರಿಗೆಯ ಜೊತೆಗೆ ನಾಗರಿಕರು ತೆರುವ ಗ್ರಂಥಾಲಯ ಕರ ಈ ಕಾಯ್ದೆಯ ಫಲ. ಹಳ್ಳಿಯ ಹುಡುಗಿಯೊಬ್ಬಳು ಗ್ರಂಥಾಲಯವನ್ನು ಪ್ರಶ್ನೆ ಕೇಳಿದರೆ ಅದು ಯಾರೋ ಮಾಡುವ ಉಪಕಾರವಲ್ಲ, ಆಕೆಯ ಮನೆಯವರು ಹಣ ಕೊಟ್ಟು ಪಡೆದ ಹಕ್ಕು ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಪರಾಮರ್ಶನ ಸೇವೆಯನ್ನು ರಂಗನಾಥನ್ ಅವರು ಎರಡಾಗಿ ವಿಂಗಡಿಸಿದರು. ಕೆಲವೇ ನಿಮಿಷಗಳಲ್ಲಿ ಒಂದು ಕೋಶವನ್ನು ತೆರೆದು ಹೇಳಿಬಿಡಬಹುದಾದದ್ದು ಒಂದು ಬಗೆ. ಹಲವು ಆಕರಗಳನ್ನು ಹುಡುಕಿ, ಓದುಗರೊಡನೆ ಮತ್ತೆ ಮತ್ತೆ ಮಾತಾಡಿ, ದಿನಗಟ್ಟಲೆ ಸಾಗಬೇಕಾದದ್ದು ಇನ್ನೊಂದು ಬಗೆ. ಹುಣಸೂರು ಕ್ಷೇತ್ರವನ್ನು ಪ್ರತಿನಿಧಿಸಿದ್ದ ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ ಯಾವ ವರ್ಷ ಜಾರಿಗೆ ಬಂತೆಂದು ಕೇಳಿದರೆ 1974 ಎಂದು ಒಂದೇ ಸಂದೇಶದಲ್ಲಿ ಉತ್ತರಿಸಬಹುದು. ಅದೇ ವಿದ್ಯಾರ್ಥಿ, ತನ್ನೂರಿನಲ್ಲಿ ಯಾವ ಗೇಣಿದಾರರಿಗೆ ಭೂಮಿ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಏಕೆ ಎಂದು ಕೇಳಿದರೆ ಉತ್ತರ ಸಂದೇಶದಲ್ಲಿ ಹಿಡಿಸುವುದಿಲ್ಲ. ಅದು ಭೂನ್ಯಾಯ ಮಂಡಳಿಯ ಕಡತಗಳ ಕಡೆಗೆ, ಊರಿನ ಹಿರಿಯರ ಕಡೆಗೆ, ಜಿಲ್ಲಾ ಗ್ಯಾಸೆಟಿಯರ್ ಕಡೆಗೆ ಕೈತೋರಿಸುವ ಕೆಲಸವಾಗುತ್ತದೆ. ಸಂದೇಶದ ಸೇವೆ ಮೊದಲ ಬಗೆಗೆ ಒಗ್ಗುವಂಥದ್ದು, ಎರಡನೆಯದಕ್ಕೆ ಅದು ಬಾಗಿಲು ಮಾತ್ರ.

ಪತ್ರ, ದೂರವಾಣಿ, ಸಂದೇಶ

ದೂರದಿಂದ ಪ್ರಶ್ನೆ ಕೇಳಿ ಬಲ್ಲವರಿಂದ ಉತ್ತರ ಪಡೆಯುವ ಅಭ್ಯಾಸ ಕನ್ನಡಿಗರಿಗೆ ಹೊಸದಲ್ಲ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ನಡೆಸಿದ ‘ಇಗೋ ಕನ್ನಡ’ ಅಂಕಣ, ಓದುಗರು ಅಂಚೆಯಲ್ಲಿ ಕಳುಹಿಸಿದ ಭಾಷೆಯ ಸಂದೇಹಗಳಿಗೆ ವಿದ್ವಾಂಸರೊಬ್ಬರು ಆಕರಗಳನ್ನು ನೋಡಿ ಉತ್ತರಿಸಿದ ವ್ಯವಸ್ಥೆ. ಗ್ರಂಥಾಲಯದ ಹೆಸರಿಲ್ಲದಿದ್ದರೂ ಅದು ಮಾಡಿದ್ದು ಉತ್ತಮ ದರ್ಜೆಯ ಪರಾಮರ್ಶನ ಸೇವೆಯನ್ನೇ. ಪಶ್ಚಿಮದಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು 1960ರ ದಶಕದಿಂದ ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲೆಂದೇ ಪ್ರತ್ಯೇಕ ಸಿಬ್ಬಂದಿಯನ್ನು ಇಟ್ಟುಕೊಂಡಿತ್ತು.

ಸಂದೇಶದ ಮೂಲಕ ಇದೇ ಕೆಲಸವನ್ನು ಮಾಡಲು ಅಮೆರಿಕದ ಆಗ್ನೇಯ ಲೂಸಿಯಾನ ವಿಶ್ವವಿದ್ಯಾಲಯದ ಗ್ರಂಥಾಲಯ 2005ರಲ್ಲಿ ಮುಂದಾಯಿತು. ಹದಿಹರೆಯದವರ ಸಂವಹನದಲ್ಲಿ ಆ ಹೊತ್ತಿಗೆ ನಡೆಯುತ್ತಿದ್ದ ಬದಲಾವಣೆಯೇ ಇಂಥ ಸೇವೆಗಳನ್ನು ಮುಂದಕ್ಕೆ ನೂಕಿತು: ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಲ್ಲಿನ ಹದಿಹರೆಯದವರಲ್ಲಿ ಅರ್ಧದಷ್ಟು ಮಂದಿ ದಿನಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಸಂದೇಶ ಕಳುಹಿಸುತ್ತಿದ್ದರು. 2009ರಲ್ಲಿ ಆರಂಭವಾದ ‘ಮೈ ಇನ್ಫೋ ಕ್ವೆಸ್ಟ್’ ಎಂಬ ಯೋಜನೆಯಲ್ಲಿ ಹಲವು ಗ್ರಂಥಾಲಯಗಳು ಕೂಡಿ ಒಂದೇ ಸಂಖ್ಯೆಯನ್ನು ಇಟ್ಟುಕೊಂಡು, ಉತ್ತರಿಸುವ ಪಾಳಿಯನ್ನು ತಮ್ಮೊಳಗೆ ಹಂಚಿಕೊಂಡವು. ಒಬ್ಬೊಬ್ಬರೇ ಹೊರಲಾಗದ ಹೊರೆಯನ್ನು ಹಲವರು ಸರದಿಯ ಮೇಲೆ ಹೊರುವ ಈ ಕ್ರಮ, ಸಣ್ಣ ಸಣ್ಣ ಗ್ರಂಥಾಲಯಗಳು ಚದುರಿರುವ ನಮ್ಮಂಥ ಪ್ರದೇಶಕ್ಕೆ ಹೆಚ್ಚು ಪಾಠ ಹೇಳುತ್ತದೆ.

ಇದಕ್ಕೆ ಸಮೀಪದ ಇನ್ನೊಂದು ಪ್ರಯೋಗದ ಬೇರು ಕನ್ನಡದ ಗಡಿನಾಡಿನಲ್ಲೇ ಇದೆ. ಕಾಸರಗೋಡಿನ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಗೆಳೆಯರು 2000ರ ದಶಕದ ಕೊನೆಯಲ್ಲಿ ಕಟ್ಟಿದ ‘ಇನ್ನೋಜ್’ ಸಂಸ್ಥೆಯ ‘ಎಸ್‌ಎಂಎಸ್ ಜ್ಞಾನ್’ ಸೇವೆಯಲ್ಲಿ, ಅಂತರ್ಜಾಲವಿಲ್ಲದ ಸಾಮಾನ್ಯ ಫೋನಿನಿಂದ 55444 ಸಂಖ್ಯೆಗೆ ಪ್ರಶ್ನೆ ಕಳುಹಿಸಿದರೆ ಗಣಕವೇ ಮಾಹಿತಿ ಹುಡುಕಿ ಮರಳಿ ಸಂದೇಶ ಕಳುಹಿಸುತ್ತಿತ್ತು. ಗೂಗಲ್ ಕೂಡ ಕೆಲಕಾಲ ಇಂಥ ಹುಡುಕಾಟವನ್ನು ಸಂದೇಶದ ಮೂಲಕ ನಡೆಸಿ 2013ರಲ್ಲಿ ನಿಲ್ಲಿಸಿತು. ಅಗ್ಗದ ಅಂತರ್ಜಾಲ ಬಂದ ಮೇಲೆ ಇವುಗಳ ಅಗತ್ಯ ಮುಗಿಯಿತೆಂದು ಹಲವರು ಭಾವಿಸಿದರು. ಮಾಹಿತಿ ಹುಡುಕುವ ಯಂತ್ರದ ಮಟ್ಟಿಗೆ ಅದು ನಿಜವಾಗಿರಬಹುದು. ಆದರೆ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಮನುಷ್ಯರ ಅಗತ್ಯ ಮುಗಿಯಿತೆಂದು ಅದರಿಂದ ಹೇಳಲಾಗದು.

ಸಂದೇಶದ ಒಳಗಿನ ಲೆಕ್ಕ

ಎಸ್‌ಎಂಎಸ್ ಎಂಬ ಚುಟುಕು ಸಂದೇಶದ ಗಾತ್ರ 140 ಬೈಟುಗಳಿಗೆ ಸೀಮಿತ. ಇಂಗ್ಲಿಷ್ ಲಿಪಿಯ ಒಂದು ಅಕ್ಷರಕ್ಕೆ ಏಳು ಬಿಟ್ ಸಾಕಾಗುವುದರಿಂದ ಅಷ್ಟರಲ್ಲಿ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡ ಲಿಪಿಯನ್ನು ಸಾಮಾನ್ಯವಾಗಿ ಯೂನಿಕೋಡ್ ಕ್ರಮದಲ್ಲಿ ಕಳುಹಿಸುವುದರಿಂದ ಪ್ರತಿ ಸಂಕೇತಕ್ಕೂ ಎರಡು ಬೈಟು ಬೇಕಾಗಿ, ಅದೇ ಸಂದೇಶದಲ್ಲಿ 70 ಸಂಕೇತಗಳಿಗೆ ಮಾತ್ರ ಜಾಗ ಉಳಿಯುತ್ತದೆ. ಅದರಲ್ಲೂ ಕನ್ನಡದ ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ: ‘ಹೆಗ್ಗಡದೇವನಕೋಟೆ’ ಎಂಬ ಹೆಸರು ಕಣ್ಣಿಗೆ ಎಂಟು ಅಕ್ಷರವಾಗಿ ಕಂಡರೂ 14 ಸಂಕೇತಗಳನ್ನು ನುಂಗುತ್ತದೆ, ತನ್ನ ತಾಲ್ಲೂಕಿನ ಹೆಸರು ಬರೆಯುವುದರಲ್ಲೇ ಸಂದೇಶದ ಐದನೆಯ ಒಂದು ಭಾಗ ಮುಗಿದುಹೋಗುತ್ತದೆ. ಇದಕ್ಕಿಂತ ಉದ್ದದ ಬರಹವನ್ನು ಜಾಲವು ತುಂಡುಗಳಾಗಿ ಒಡೆದು ಕಳುಹಿಸಿ ಮತ್ತೆ ಜೋಡಿಸುತ್ತದೆ, ಪ್ರತಿ ತುಂಡೂ ಒಂದೊಂದು ಸಂದೇಶವಾಗಿ ಲೆಕ್ಕಕ್ಕೆ ಬರುತ್ತದೆ.

ಹದಿಹರೆಯದವರು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವುದಕ್ಕೆ ರೂಢಿಯ ಜೊತೆಗೆ ಈ ಲೆಕ್ಕವೂ ಕಾರಣ. ಆ ಲಿಪಿಯಲ್ಲಿ ಕಾಲು ಮತ್ತು ಕಾಳು, ಹಳ್ಳಿ ಮತ್ತು ಹಲ್ಲಿ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ, ಉತ್ತರಿಸುವವರು ವಾಕ್ಯದ ಸಂದರ್ಭದಿಂದ ಊಹಿಸಬೇಕಾಗುತ್ತದೆ ಅಥವಾ ಮರುಪ್ರಶ್ನೆ ಹಾಕಬೇಕಾಗುತ್ತದೆ. ಈ ಊಹೆಯಲ್ಲಿ ಊರಿನ ಮಾತು ಬಲ್ಲವರಿಗೆ ಇರುವ ಅನುಕೂಲ ಹೊರಗಿನವರಿಗೆ ಇರದು.

ಎಸ್‌ಎಂಎಸ್‌ಗೆ ಇರುವ ಒಂದು ಗುಣವನ್ನು ಕಾಡಂಚಿನ ಊರುಗಳ ಸಂದರ್ಭದಲ್ಲಿ ಮರೆಯುವಂತಿಲ್ಲ. ಅದು ಕರೆಗಳನ್ನು ಜೋಡಿಸಲು ಜಾಲವು ಬಳಸುವ ಸಂಜ್ಞಾ ಮಾರ್ಗದಲ್ಲೇ ಸಾಗುವುದರಿಂದ, ಅಂತರ್ಜಾಲ ಓಡದಷ್ಟು ಕ್ಷೀಣವಾದ ಸಿಗ್ನಲ್‌ನಲ್ಲೂ ದಾಟಬಲ್ಲದು, ಫೋನು ಆಫ್ ಆಗಿದ್ದರೆ ಕಾದು ನಿಂತು ಆಮೇಲೆ ತಲುಪಬಲ್ಲದು. ಹೆಗ್ಗಡದೇವನಕೋಟೆ ತಾಲ್ಲೂಕಿನ ತುದಿಯಲ್ಲಿ ಕಬಿನಿಯ ದಂಡೆಗೆ ಇರುವ ಡಿ.ಬಿ. ಕುಪ್ಪೆಯಂಥ ಊರುಗಳಿಗೂ ನಾಗರಹೊಳೆ ಕಾಡಿನ ಜೇನುಕುರುಬ, ಬೆಟ್ಟಕುರುಬ ಹಾಡಿಗಳಿಗೂ ಇದರ ಬೆಲೆ ಹೆಚ್ಚು. ಆ ಕಾಡನ್ನು ಹಾದುಹೋಗುವ ಮಾನಂದವಾಡಿ ರಸ್ತೆಯಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಪುಸ್ತಕವೊಂದಕ್ಕಾಗಿ ಸಂಜೆ ಪಟ್ಟಣಕ್ಕೆ ಹೋಗಿಬರುವುದು ಅಲ್ಲಿನ ಮಕ್ಕಳಿಗೆ ಆಗದ ಮಾತು.

ಅಂತರ್ಜಾಲವಿರುವಲ್ಲಿ ವಾಟ್ಸ್‌ಆ್ಯಪ್ ಈ ಎಲ್ಲ ಮಿತಿಗಳನ್ನೂ ದಾಟಿಸುತ್ತದೆ. ಉದ್ದಕ್ಕೆ ಬರೆಯಬಹುದು, ಪಾಠದ ಪುಟದ ಚಿತ್ರ ತೆಗೆದು ಕಳುಹಿಸಬಹುದು, ಟೈಪು ಮಾಡಲು ಬಾರದವರು ಮಾತನ್ನೇ ಧ್ವನಿಮುದ್ರಿಸಿ ಕಳುಹಿಸಬಹುದು. ಆದರೂ ಎಸ್‌ಎಂಎಸ್ ಅನ್ನು ಕೈಬಿಡುವಂತಿಲ್ಲ. ಕೀಪ್ಯಾಡ್ ಫೋನಿಗೆ ಕರೆ ಮತ್ತು ಸಂದೇಶ ಮಾತ್ರ ಬೇಕೆನ್ನುವ ಬಳಕೆದಾರರು ಇನ್ನೂ ಇರುವುದರಿಂದಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರ್‌ನಲ್ಲಿ ಡೇಟಾ ಇಲ್ಲದ, ಕರೆ ಮತ್ತು ಸಂದೇಶಗಳಷ್ಟೇ ಇರುವ ರೀಚಾರ್ಜ್‌ಗಳನ್ನು ಕೊಡಲೇಬೇಕೆಂದು ಕಂಪನಿಗಳಿಗೆ ವಿಧಿಸಿತು.

ಪ್ರಶ್ನೆಯ ಹಿಂದಿನ ಪ್ರಶ್ನೆ

ಪರಾಮರ್ಶನ ಸೇವೆಯ ನಿಜವಾದ ಕಷ್ಟ ಉತ್ತರ ಹುಡುಕುವುದರಲ್ಲಿಲ್ಲ, ಪ್ರಶ್ನೆಯನ್ನು ಅರಿಯುವುದರಲ್ಲಿದೆ. ರಾಬರ್ಟ್ ಟೇಲರ್ ಎಂಬ ವಿದ್ವಾಂಸರು 1968ರ ತಮ್ಮ ಪ್ರಸಿದ್ಧ ಲೇಖನದಲ್ಲಿ ತೋರಿಸಿದಂತೆ, ಮನಸ್ಸಿನೊಳಗೆ ಅಸ್ಪಷ್ಟವಾಗಿ ಹುಟ್ಟಿದ ಅಗತ್ಯವು ಗ್ರಂಥಪಾಲಕರ ಮೇಜಿನ ಮುಂದೆ ಮಾತಾಗುವ ಹೊತ್ತಿಗೆ ಹಲವು ಹಂತಗಳಲ್ಲಿ ರೂಪ ಬದಲಿಸಿರುತ್ತದೆ. ಓದುಗರು ಕೇಳುವುದು ತಮಗೆ ಬೇಕಾದದ್ದನ್ನಲ್ಲ, ಗ್ರಂಥಾಲಯದಲ್ಲಿ ಸಿಗಬಹುದೆಂದು ತಾವು ಅಂದುಕೊಂಡದ್ದನ್ನು. ಹೀಗಾಗಿ ನುರಿತ ಗ್ರಂಥಪಾಲಕರು ಉತ್ತರಕ್ಕೆ ಧಾವಿಸದೆ ಒಂದೆರಡು ಮರುಪ್ರಶ್ನೆಗಳಿಂದ ಆರಂಭಿಸುತ್ತಾರೆ.

ಹೊಗೆಸೊಪ್ಪಿನ ಬಗ್ಗೆ ಮಾಹಿತಿ ಬೇಕು ಎಂಬ ಒಂದು ಸಂದೇಶವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಶಾಲೆಯ ಪ್ರಾಜೆಕ್ಟಿಗೆ ಬೇಕಾದ ವಿವರವಾಗಿದ್ದರೆ, 1975ರ ಕಾಯ್ದೆಯಡಿ ಸ್ಥಾಪನೆಗೊಂಡು ಗುಂಟೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ತಂಬಾಕು ಮಂಡಳಿಯ ಬಗ್ಗೆ, ಹರಾಜು ಕಟ್ಟೆಗಳ ಬಗ್ಗೆ ಹೇಳಿದರೆ ಸಾಕು. ತಂದೆಯ ಬ್ಯಾರನ್ ಪರವಾನಗಿಯ ಸಮಸ್ಯೆಯಾಗಿದ್ದರೆ ಮಂಡಳಿಯ ಸ್ಥಳೀಯ ಕಚೇರಿಯ ದಾರಿ ತೋರಿಸಬೇಕು. ಆದರೆ ಬರೆದಿರುವ ಹುಡುಗಿ, ಮಳೆಯಲ್ಲಿ ನೆನೆದ ಎಲೆ ಮುರಿದ ದಿನ ತನಗೆ ತಲೆಸುತ್ತು, ವಾಂತಿ ಏಕೆ ಬರುತ್ತದೆ ಎಂಬುದನ್ನು ತಿಳಿಯಲು ಬಯಸಿದ್ದರೆ, ಆಕೆಗೆ ಬೇಕಾದದ್ದು ಸಂಪೂರ್ಣ ಬೇರೆ ಉತ್ತರ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಇಳಿದು ಉಂಟುಮಾಡುವ ಈ ಅಸ್ವಸ್ಥತೆಯನ್ನು ವೈದ್ಯರು ಹಸಿ ತಂಬಾಕು ಕಾಯಿಲೆ ಎಂದು ಗುರುತಿಸಿದ್ದಾರೆ. ಒದ್ದೆ ಬಟ್ಟೆಯನ್ನು ಬೇಗ ಬದಲಾಯಿಸುವುದು, ಕೈಗವಸು ಮತ್ತು ಪೂರ್ಣ ತೋಳಿನ ಅಂಗಿ ಧರಿಸುವುದು, ಸೋಪು ಹಚ್ಚಿ ತೊಳೆಯುವುದು, ಎಲೆ ಒಣಗಿದ ಮೇಲೆ ಮುರಿಯುವುದು ಇದನ್ನು ತಗ್ಗಿಸುತ್ತವೆ. ಹೊಗೆಸೊಪ್ಪು ಬೆಳೆಯುವ ಈ ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಈ ತಿಳಿವಳಿಕೆ, ಒಂದು ಮರುಪ್ರಶ್ನೆ ಕೇಳದೆ ಹೋದರೆ ಆ ಹುಡುಗಿಯನ್ನು ತಲುಪುವುದೇ ಇಲ್ಲ.

ಮುಖಾಮುಖಿಯಲ್ಲಿ ಕೇಳಲಾಗದ್ದನ್ನು ಬರೆದು ಕೇಳಬಹುದು ಎಂಬುದೇ ಹದಿಹರೆಯದವರ ಮಟ್ಟಿಗೆ ಸಂದೇಶದ ದೊಡ್ಡ ಶಕ್ತಿ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಮುಟ್ಟಿನ ನೋವಿನ ಬಗ್ಗೆ, ಮನೆಯಲ್ಲಿ ಗೊತ್ತುಮಾಡುತ್ತಿರುವ ಮದುವೆಯ ಬಗ್ಗೆ, ಪರೀಕ್ಷೆಯಲ್ಲಿ ಫೇಲಾದ ಮೇಲೆ ಬದುಕುವ ಮನಸ್ಸೇ ಇಲ್ಲದಿರುವುದರ ಬಗ್ಗೆ ಗ್ರಂಥಾಲಯದ ಮೇಜಿನ ಮುಂದೆ ನಿಂತು ಬಾಯಿಬಿಡುವವರು ವಿರಳ. ಇಂಥ ಸಂದೇಶ ಬಂದಾಗ ಗ್ರಂಥಪಾಲಕರು ವೈದ್ಯರೂ ಆಗಬೇಕಿಲ್ಲ, ಆಪ್ತ ಸಲಹೆಗಾರರೂ ಆಗಬೇಕಿಲ್ಲ. ಹೆಣ್ಣಿನ ಮದುವೆಗೆ 18 ವರ್ಷ ತುಂಬಿರಬೇಕೆಂಬ ಕಾನೂನನ್ನು ತಿಳಿಸಿ ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಕೊಡುವುದು, ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಡುವುದು, ಹದಿಹರೆಯದವರ ಆರೋಗ್ಯಕ್ಕಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹಾ ಕ್ಲಿನಿಕ್‌ನ ವಿಷಯ ಹೇಳುವುದು, ಮತ್ತು ಇವೆಲ್ಲವನ್ನೂ ಗದರದೆ, ಬುದ್ಧಿ ಹೇಳದೆ, ತಡಮಾಡದೆ ಮಾಡುವುದು ಅವರ ಕೆಲಸ. ಜೀವಕ್ಕೆ ಅಪಾಯ ಕಂಡಲ್ಲಿ ಮಾತ್ರ ಬರೀ ಸಂಖ್ಯೆ ಕಳುಹಿಸಿ ಸುಮ್ಮನಾಗದೆ ಕೂಡಲೇ ಕರೆಮಾಡಿ ಮಾತಾಡಬೇಕು. ಸೇವೆ ಆರಂಭಿಸುವ ಮೊದಲು ಸಿಬ್ಬಂದಿಗೆ ಕೊಡುವ ತರಬೇತಿಯಲ್ಲಿ ಇದಕ್ಕೆ ಮೊದಲ ಸ್ಥಾನ ಸಿಗಬೇಕು.

ಫೋನು ಯಾರ ಕೈಯಲ್ಲಿ

ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲೂ ಫೋನು ಇದೆಯೆಂದು ಭಾವಿಸಿ ಕಟ್ಟಿದ ಸೇವೆ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಹೊರಗಿಟ್ಟಂತೆ ಆಗುತ್ತದೆ. ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಕುರಿತ ‘ಅಸರ್ 2023’ ವರದಿಯ ಪ್ರಕಾರ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಅದನ್ನು ಬಳಸಬಲ್ಲ ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ ಸ್ವಂತ ಫೋನು ಇದ್ದರೆ, ಹುಡುಗಿಯರಲ್ಲಿ ಅದು ಇರುವುದು ಶೇ 19.8ರಷ್ಟು ಮಂದಿಗೆ ಮಾತ್ರ. ಉಳಿದವರು ಬಳಸುವುದು ಅಪ್ಪನ ಅಥವಾ ಅಣ್ಣನ ಫೋನನ್ನು, ಅದೂ ಅವರು ಮನೆಗೆ ಬಂದ ಮೇಲೆ, ಅವರು ಕೊಟ್ಟಷ್ಟು ಹೊತ್ತು.

ಹಂಚಿಕೊಂಡ ಫೋನಿನಲ್ಲಿ ಗೋಪ್ಯತೆ ಎಂಬುದು ಉಳಿಯುವುದಿಲ್ಲ. ಮಧ್ಯಾಹ್ನ ಕೇಳಿದ ಪ್ರಶ್ನೆಗೆ ರಾತ್ರಿ ಉತ್ತರ ಬಂದಾಗ ಅದನ್ನು ತೆರೆಯುವವರು ಕೇಳಿದವಳೇ ಆಗಿರಬೇಕೆಂದಿಲ್ಲ, ಕೆಲವು ಪ್ರಶ್ನೆಗಳ ಮಟ್ಟಿಗೆ ಇದು ಆಕೆಗೆ ಅಪಾಯವನ್ನೇ ತರಬಹುದು. ಆದ್ದರಿಂದ ಉತ್ತರದಲ್ಲಿ ಪ್ರಶ್ನೆಯನ್ನು ಮರಳಿ ಬರೆಯದಿರುವುದು, ಸೂಕ್ಷ್ಮ ವಿಷಯಗಳಲ್ಲಿ ವಿವರ ಕೊಡುವ ಮೊದಲು ಈಗ ಮಾತಾಡಬಹುದೇ ಎಂದಷ್ಟೇ ಕೇಳುವುದು, ಗ್ರಂಥಾಲಯದಲ್ಲೇ ಇರುವ ಫೋನಿನಿಂದ ಹೆಸರು ಹೇಳದೆ ಪ್ರಶ್ನೆ ಕಳುಹಿಸುವ ಅವಕಾಶ ಕೊಡುವುದು ಸೇವೆಯ ನಿಯಮಗಳೇ ಆಗಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವೈಯಕ್ತಿಕ ವಿವರಗಳನ್ನು ಬಳಸಲು ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಅಗತ್ಯವಿಲ್ಲದ ವಿವರವನ್ನು ಸಂಗ್ರಹಿಸದೆ ಇರುವುದೇ ಇಲ್ಲಿ ಸುರಕ್ಷಿತವಾದ ದಾರಿ.

ನೆಲದ ಮೇಲೆ ಇರುವುದು

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಅವುಗಳ ಸಂಖ್ಯೆ ಐದೂವರೆ ಸಾವಿರಕ್ಕೂ ಹೆಚ್ಚು. 2020ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಆರಂಭಗೊಂಡ ‘ಓದುವ ಬೆಳಕು’ ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು, ‘ಪುಸ್ತಕ ಜೋಳಿಗೆ’ಯ ಮೂಲಕ ದಾನಿಗಳ ಮನೆಬಾಗಿಲಿಂದ ಪುಸ್ತಕಗಳು ಬಂದವು. ಹಲವು ಗ್ರಂಥಾಲಯಗಳಿಗೆ ಗಣಕ, ಟಿವಿ, ಅಂತರ್ಜಾಲ ಬಂದು, ಅವು ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಅದೇ 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ತನ್ನ ಡಿಜಿಟಲ್ ಗ್ರಂಥಾಲಯವನ್ನೂ ತೆರೆಯಿತು. ಇವುಗಳ ಜೊತೆಗೆ ಮೈಸೂರು ವಿಶ್ವವಿದ್ಯಾಲಯ ಹೊರತಂದ ಕನ್ನಡ ವಿಶ್ವಕೋಶದ ಸಂಪುಟಗಳು, ಸರ್ಕಾರದ ‘ಕಣಜ’ ಜಾಲತಾಣ, ಮಾನಸಗಂಗೋತ್ರಿಯ ಗ್ರಂಥಾಲಯ ವಿಜ್ಞಾನ ವಿಭಾಗ ಎಲ್ಲವೂ ಕೈಗೆಟಕುವ ದೂರದಲ್ಲಿವೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ ಸಮುದಾಯ ಬಾನುಲಿ 2012ರಿಂದ ಕಾಡಂಚಿನ ಊರುಗಳನ್ನು ತಲುಪುತ್ತಿದ್ದು, ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಅಲ್ಲಿಂದಲೇ ಉತ್ತರ ಪ್ರಸಾರವಾದರೆ ಫೋನು ಇಲ್ಲದವರಿಗೂ ಅದು ಮುಟ್ಟುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದವರು ಗ್ರಂಥಾಲಯದ ಮೇಲ್ವಿಚಾರಕರು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಯಾವ ದಾಖಲೆ ಕೇಳುತ್ತಾರೆ, ಯಾವ ಹಾಸ್ಟೆಲ್ ಯಾವ ಇಲಾಖೆಗೆ ಸೇರಿದ್ದು, ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಯಾವ ಕೋಶವೂ ಹೇಳುವುದಿಲ್ಲ, ಅವರು ಹೇಳಬಲ್ಲರು. ಆದರೆ ಹಗಲಿನ ಕೆಲಸ ಮುಗಿಸಿದ ಅವರ ಮೇಲೆ, ಅವರದೇ ಫೋನಿನಲ್ಲಿ, ಸಂಬಳವಿಲ್ಲದ ರಾತ್ರಿ ಪಾಳಿಯನ್ನು ಹೇರುವುದು ಅನ್ಯಾಯ. ಹಾಗೆ ಆರಂಭಿಸಿದ ಸೇವೆ ಒಳ್ಳೆಯ ಮನಸ್ಸಿನ ಕೆಲವರನ್ನು ದಣಿಸಿ ನಿಂತುಹೋಗುತ್ತದೆ. ತಾಲ್ಲೂಕಿಗೊಂದು ಸಂಖ್ಯೆ, ರಾತ್ರಿ ಒಂಬತ್ತರ ನಂತರ ಸರದಿಯ ಮೇಲೆ ಇಬ್ಬರು, ಅವರ ಪಾಳಿಗೆ ಪ್ರತ್ಯೇಕ ಭತ್ಯೆ, ಅವರಿಂದ ಆಗದ ಪ್ರಶ್ನೆಗಳನ್ನು ಮರುದಿನ ಹಿಡಿಯಲು ಮೈಸೂರಿನ ನಗರ ಕೇಂದ್ರ ಗ್ರಂಥಾಲಯದಲ್ಲಿ ಒಂದು ಮೇಜು, ಬೆನ್ನಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎಂಬ ಕ್ರಮದಲ್ಲಿ ಹೊರೆಯನ್ನು ಹಂಚಿದರೆ ಅದು ನಡೆಯಬಲ್ಲದು. ಹಣದ ಲೆಕ್ಕದಲ್ಲಿ ಇದು ಕಟ್ಟಡ ಕಟ್ಟುವುದಕ್ಕಿಂತ ಸಣ್ಣ ಬಾಬತ್ತು.

ತಾಂತ್ರಿಕವಾದ ಒಂದು ತೊಡಕನ್ನು ಮಾತ್ರ ಮೊದಲೇ ಬಿಡಿಸಿಕೊಳ್ಳಬೇಕು. ಒಬ್ಬರು ತಮ್ಮ ಫೋನಿನಿಂದ ಒಬ್ಬರಿಗೆ ಬರೆಯುವುದಕ್ಕೆ ಅಡ್ಡಿಯಿಲ್ಲ; ಗಣಕದ ಮೂಲಕ ಸಂಸ್ಥೆಯ ಹೆಸರಿನಲ್ಲಿ ಸಂದೇಶ ಕಳುಹಿಸಬೇಕಾದರೆ, ಅನಪೇಕ್ಷಿತ ಸಂದೇಶಗಳನ್ನು ತಡೆಯಲು ನಿಯಂತ್ರಣ ಪ್ರಾಧಿಕಾರ 2018ರಲ್ಲಿ ರೂಪಿಸಿದ ನಿಯಮದಂತೆ ಕಳುಹಿಸುವವರ ಹೆಸರನ್ನೂ ಒಕ್ಕಣೆಯ ಮಾದರಿಯನ್ನೂ ಮುಂಚಿತವಾಗಿ ನೋಂದಾಯಿಸಬೇಕಾಗುತ್ತದೆ. ಪ್ರತಿ ಉತ್ತರವೂ ಬೇರೆಬೇರೆಯಾಗಿರುವ ಸೇವೆಗೆ ಮಾದರಿ ಒಕ್ಕಣೆ ಹೊಂದುವುದಿಲ್ಲವಾದ್ದರಿಂದ, ಆರಂಭದಲ್ಲಿ ಸಾಮಾನ್ಯ ಸಿಮ್ ಇರುವ ಫೋನೇ ಲೇಸು.

ಯಂತ್ರವೇ ಉತ್ತರಿಸುವಾಗ

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ, ಅರೆಕ್ಷಣದಲ್ಲಿ ಉತ್ತರಿಸುತ್ತವೆ. ಹೀಗಿರುವಾಗ ಹಳ್ಳಿಯ ಗ್ರಂಥಾಲಯದ ಸಂದೇಶಕ್ಕಾಗಿ ಯಾರು ಕಾಯುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ದ್ಯುತಿಸಂಶ್ಲೇಷಣೆಯನ್ನು ಸರಳವಾಗಿ ವಿವರಿಸುವಂಥ ಕೆಲಸಕ್ಕೆ ಅವು ನೆರವಾಗುತ್ತವೆ, ಆ ನೆರವನ್ನು ಮಕ್ಕಳಿಗೆ ನಿರಾಕರಿಸಬೇಕಾದ ಕಾರಣವಿಲ್ಲ. ಆದರೆ ಅವು ತಿಳಿದದ್ದನ್ನೂ ತಿಳಿಯದ್ದನ್ನೂ ಒಂದೇ ಧೈರ್ಯದ ಧಾಟಿಯಲ್ಲಿ ಹೇಳುತ್ತವೆ. ವಿದ್ಯಾರ್ಥಿವೇತನದ ಕೊನೆಯ ದಿನಾಂಕವನ್ನು ತಪ್ಪಾಗಿ ತಿಳಿದ ಬಡ ಮನೆಯ ಹುಡುಗ ಒಂದು ವರ್ಷದ ಹಣವನ್ನೇ ಕಳೆದುಕೊಳ್ಳುತ್ತಾನೆ, ಅದಕ್ಕೆ ಹೊಣೆ ಹೊರುವವರು ಯಾರೂ ಇರುವುದಿಲ್ಲ. ಗ್ರಂಥಾಲಯದ ಉತ್ತರಕ್ಕೆ ಹೊಣೆಗಾರರಿದ್ದಾರೆ. ಯಾವ ಪುಸ್ತಕದ ಯಾವ ಪುಟ, ಯಾವ ಇಲಾಖೆಯ ಯಾವ ಸುತ್ತೋಲೆ ಎಂದು ಅದು ಆಕರವನ್ನು ಹೇಳುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನಾಳೆ ವಿಚಾರಿಸಿ ತಿಳಿಸುತ್ತೇವೆ ಎನ್ನುತ್ತದೆ. ಯಂತ್ರ ಕೊಟ್ಟ ಉತ್ತರವನ್ನು ತಂದು ಇದು ನಿಜವೇ ಎಂದು ಪರೀಕ್ಷಿಸಿಕೊಳ್ಳುವ ಜಾಗವಾಗಿಯೂ ಈ ಸೇವೆ ಬೇಕಾಗುತ್ತದೆ, ಬರುವ ವರ್ಷಗಳಲ್ಲಿ ಅದರ ಬಹುಪಾಲು ಕೆಲಸ ಇದೇ ಆದರೂ ಆಶ್ಚರ್ಯವಿಲ್ಲ.

ಪ್ರಶ್ನೆಗಳ ವಹಿ

ಬಂದ ಪ್ರಶ್ನೆಗಳನ್ನು ದಾಖಲಿಸುವ ಒಂದು ವಹಿ ಈ ಸೇವೆಯ ಜೊತೆಗೇ ಆರಂಭವಾಗಬೇಕು. ದಿನಾಂಕ, ಪ್ರಶ್ನೆಯ ವಿಷಯ, ಕೊಟ್ಟ ಉತ್ತರ, ಉತ್ತರದ ಆಕರ ಎಂಬ ನಾಲ್ಕು ಅಂಕಣಗಳು ಸಾಕು. ಹೆಸರಿಗೂ ಫೋನ್ ಸಂಖ್ಯೆಗೂ ಅದರಲ್ಲಿ ಜಾಗವಿರಬಾರದು, ಉತ್ತರ ತಲುಪಿದ ಕೆಲವು ದಿನಗಳ ನಂತರ ಫೋನಿನಲ್ಲಿರುವ ಸಂದೇಶಗಳೂ ಅಳಿಯಬೇಕು. ಆಕರದ ಅಂಕಣ ಖಾಲಿ ಉಳಿದ ಸಾಲುಗಳು ಗ್ರಂಥಾಲಯದಲ್ಲಿ ಯಾವ ಪುಸ್ತಕ ಇಲ್ಲವೆಂಬುದನ್ನು ತೋರಿಸುತ್ತವೆ, ಮುಂದಿನ ಖರೀದಿಯ ಪಟ್ಟಿಗೆ ಅದಕ್ಕಿಂತ ನಂಬಲರ್ಹವಾದ ಆಧಾರ ಬೇರೆ ಸಿಗಲಾರದು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನವೆಂಬರ್ ಸುಮಾರಿಗೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಹಾಸ್ಟೆಲ್ ಪ್ರವೇಶದ ಬಗ್ಗೆ ಇಪ್ಪತ್ತು ಪ್ರಶ್ನೆ, ಬಸ್ಸಿನ ಬಗ್ಗೆ ಹದಿನೈದು, ಎಲೆ ಮುರಿಯುವಾಗಿನ ವಾಂತಿಯ ಬಗ್ಗೆ ಹತ್ತು ಎಂಬಂಥ ಲೆಕ್ಕವೊಂದನ್ನು ಮೇಲ್ವಿಚಾರಕರು ಆ ಸಭೆಯ ಮುಂದೆ ಓದಿದರೆ, ಅಧ್ಯಕ್ಷರೂ ಅಭಿವೃದ್ಧಿ ಅಧಿಕಾರಿಯೂ ಅದಕ್ಕೆ ಅಲ್ಲಿಯೇ ಉತ್ತರಿಸಬೇಕಾಗುತ್ತದೆ, ಮತ್ತು ಆ ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗುತ್ತದೆ.